ಕಂಪೆನಿ ಕಾರಿನ ಎಡಗಡೆ ಸೀಟು

ಲೀಸಿನ ಅವಧಿ ಮುಗಿದ ಕಾರನ್ನು ಇಷ್ಟು ದಿನ ಓಡಿಸಿದವರೇ ಕೊಳ್ಳಬಹುದು ಎಂದು ಕಂಪೆನಿಯಿಂದ ಮೊಬೈಲಿಗೆ ಸಂದೇಶ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಕೈ ತೊಳೆಯುವಷ್ಟೂ ತಾಳ್ಮೆ ಇರಲಿಲ್ಲ. ‘ನನಗೆ ಬೇಕು’ ಎಂದು ಎಡಗೈಯಲ್ಲೇ ಉತ್ತರ ಒತ್ತಿದೆ.

ಬಂಟ್ವಾಳದ ನಮ್ಮ ಮೆಕ್ಯಾನಿಕ್ ಸುದ್ದಿ ಕೇಳಿ ತಲೆಯ ಮೇಲೆ ಕೈ ಇಟ್ಟ.

“ಎಂತ ಮಾರಾಯ್ರೆ, ಮಂಡೆ ಸರಿ ಉಂಟಾ ನಿಮಗೆ? ಐದು ವರ್ಷ ಈ ಮೂರು ತಾಲೂಕಿನ ಹೊಂಡಕ್ಕೆಲ್ಲ ಇಳಿದು ಹತ್ತಿದ ಗಾಡಿ ಇದು. ಬೇರೆ ಒಳ್ಳೆಯದು ನೋಡುವ.”

“ನನ್ನ ಗಾಡಿ ನಾನು ತಗೊಳ್ತೇನೆ, ನಿನಗೆಂತ ಪಿರಿಪಿರಿ?” ಎಂದು ರೇಗಿದೆ. ಮೂಗಿನ ತುದಿಯಲ್ಲೇ ಸಿಟ್ಟು ನನಗೆ. ಹೇಳಬಾರದ್ದನ್ನು ಯಾರಾದರೂ ಕೆದಕಿದರಂತೂ ಇನ್ನೂ ಹೆಚ್ಚು.

ಅವನು ಹೇಳಿದ್ದು ಸರಿಯೇ. ನಾನು ಪೈಂಟ್ ಕಂಪೆನಿಯೊಂದರಲ್ಲಿ ಮಾರಾಟದ ಕೆಲಸದವನು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪೈಂಟ್ ಅಂಗಡಿಗಳನ್ನು ಸುತ್ತಲು ಕಂಪೆನಿ ಈ ಬಿಳಿ ಕಾರನ್ನು ಲೀಸಿಗೆ ಹಿಡಿದು ನನ್ನ ಕೈಗೆ ಕೊಟ್ಟಿತ್ತು. ಮೂರನೇ ಗೇರಿಗೆ ಹಾಕುವಾಗ ಅದು ನರಳುತ್ತಿತ್ತು. ಏಸಿ ಹಾಕಿದರೆ ಥಿನ್ನರಿನ ವಾಸನೆ ಮೊದಲು ಬಂದು ತಂಪು ಆಮೇಲೆ ಬರುತ್ತಿತ್ತು. ಗಾಡಿ ಹಾಗೆಂದು ಗೊತ್ತಿದ್ದೇ ಅದನ್ನು ಕೊಂಡೆ, ಯಾಕೆಂದರೆ ನನ್ನ ಹೆಂಡತಿಯನ್ನು ಅದೇ ಕಾರಿನ ಎಡಗಡೆ ಸೀಟಿನಲ್ಲಿ ಕೂರಿಸಬೇಕಿತ್ತು. ಬೇರೆ ಯಾವ ಕಾರಿನಲ್ಲಿ ಕೂರಿಸಿದರೂ ನನ್ನ ತಪ್ಪು ತೀರುವಂತಿರಲಿಲ್ಲ.

ಆ ಸೀಟಿನ ಎದುರಿಗೆ ಡ್ಯಾಶ್‌ಬೋರ್ಡಿನ ಮೇಲೆ ಒಂದು ಹಳದಿ ಸ್ಟಿಕ್ಕರ್ ಇತ್ತು. ಕಂಪೆನಿಯ ಸಿಬ್ಬಂದಿಯನ್ನು ಬಿಟ್ಟು ಬೇರೆ ಯಾರನ್ನೂ ಈ ವಾಹನದಲ್ಲಿ ಕೂರಿಸಬಾರದು ಎಂದು ಅದರಲ್ಲಿ ಬರೆದಿತ್ತು. ಇದು ಬರೀ ಬಾಯಿಮಾತಾಗಿರಲಿಲ್ಲ. ನನ್ನ ಹಾಗೆಯೇ ಇನ್ನೊಂದು ಕಡೆ ಸುತ್ತುತ್ತಿದ್ದವನೊಬ್ಬ ಹೆಂಡತಿ ಮಕ್ಕಳನ್ನು ಒಂದು ಮದುವೆಗೆ ಕಂಪೆನಿ ಕಾರಿನಲ್ಲೇ ಕರೆದುಕೊಂಡು ಹೋಗಿ ಕೆಲಸ ಕಳೆದುಕೊಂಡಿದ್ದ. ಅಂದಿನಿಂದ ನನಗೆ ಆ ಸ್ಟಿಕ್ಕರ್ ಕಂಡರೆ ಎದೆ ಢವಢವ. ಇಪ್ಪತ್ತು ಲೀಟರಿನ ಪೈಂಟ್ ಡಬ್ಬಗಳು ಹಿಂದಿನ ಸೀಟಿನಲ್ಲಿ ಹಾಯಾಗಿ ಕೂತು ಬರುತ್ತಿದ್ದವು. ನನ್ನ ಹೆಂಡತಿ ನಮ್ಮ ಮನೆಗೆ ಹತ್ತಿರದ ಮಡಂತ್ಯಾರಿನ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಅವಳು ಒಮ್ಮೆಯೂ ದೂರಲಿಲ್ಲ. “ಕೆಲಸ ಮುಖ್ಯ ಅಲ್ವಾ, ಬಸ್ಸುಂಟಲ್ಲ” ಎನ್ನುತ್ತಿದ್ದಳು.

ಕಾರು ನಮ್ಮದಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಶಿರ್ತಾಡಿಯ ಅತ್ತೆ, ಎಂದರೆ ಹೆಂಡತಿಯ ಅಮ್ಮ, ಕಣ್ಣಿನ ಆಪರೇಶನ್ ಮಾಡಿಸಿಕೊಂಡು ನಮ್ಮ ಮನೆಯಲ್ಲಿದ್ದರು. ಒಂದು ದಿನ ಅಮ್ಮ ಮಗಳು ಇಬ್ಬರೂ ಡಾಕ್ಟರಿಗೆ ತೋರಿಸಲು ಬಂಟ್ವಾಳಕ್ಕೆ ಹೊರಟಿದ್ದರು. ಅದೇ ದಿನ ನಮ್ಮ ಮ್ಯಾನೇಜರು ನನ್ನ ಕೆಲಸ ನೋಡಲು ಬಂದಿದ್ದರು. ಉತ್ತರ ಕರ್ನಾಟಕದ ಕಡೆಯವರು. ಬೆಳ್ತಂಗಡಿಯ ಅಂಗಡಿಗಳನ್ನು ಮುಗಿಸಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೂ ಬಂಟ್ವಾಳದ ಕಡೆಗೇ ಬರುತ್ತಿದ್ದೆ. ಹಿಂದಿನ ಸೀಟು ಖಾಲಿ.

ನೆತ್ತಿ ಸುಡುವ ಬಿಸಿಲು. ಮಡಂತ್ಯಾರಿನ ಸ್ಟಾಪಿನಲ್ಲಿ ಅವರಿಬ್ಬರೂ ನಿಂತಿದ್ದರು. ಅತ್ತೆಯ ಒಂದು ಕಣ್ಣಿಗೆ ಬಿಳಿ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ. ಮಗಳ ಭುಜ ಹಿಡಿದುಕೊಂಡು ವಾಲಿದ್ದರು. ನನ್ನ ಹೆಂಡತಿ ಕೈ ಎತ್ತಿದಳು. ಪೂರ್ತಿ ಎತ್ತಲಿಲ್ಲ, ಎದೆಯ ಮಟ್ಟಕ್ಕೆ ಅಷ್ಟೆ. ನಿಯಮ ಗೊತ್ತಿದ್ದವಳು ಅವಳು. ಗೊತ್ತಿದ್ದೂ ಎತ್ತಿದಳು ಎಂದರೆ ಅತ್ತೆಗೆ ನಿಲ್ಲಲು ಆಗುತ್ತಿರಲಿಲ್ಲ ಎಂದೇ ಅರ್ಥ. ನಾನು ಕಂಡೆ. ಕಂಡು, ಕಣ್ಣನ್ನು ರಸ್ತೆಗೆ ನೆಟ್ಟು, ಗಾಡಿಯನ್ನು ಮುಂದಕ್ಕೆ ಬಿಟ್ಟೆ.

“ಯಾರ್ರೀ ಅದು, ಕೈ ಮಾಡಿದ್ರಲ್ಲ? ನಿಮ್ಮ ಗುರುತಿನವರೇನು?” ಎಂದರು ಮ್ಯಾನೇಜರು.

“ಗುರುತಿಲ್ಲ ಸಾರ್. ಲಿಫ್ಟ್ ಕೇಳುವವರಿರಬೇಕು.”

ಅವರು ಹಿಂದಕ್ಕೆ ಹೊರಳಿ ನೋಡಿದರು. “ಪಾಪ, ಆ ಅಜ್ಜಿಗೆ ಕಣ್ಣಿಗೇನೋ ಆಗ್ಯದ. ಹತ್ತಿಸ್ಕೊಂಡಿದ್ರ ಏನಾಗ್ತಿತ್ತು? ನಾನೇನು ಬ್ಯಾಡ ಅಂತಿದ್ನೇನು?”

ಅಯ್ಯೋ ದೇವರೇ! ಈ ಮನುಷ್ಯನಿಗೆ ಒಳ್ಳೆಯವನಾಗಲು ಅದೇ ಹೊತ್ತು ಸಿಗಬೇಕಿತ್ತಾ? ಗಾಡಿ ತಿರುಗಿಸಲು ಜಾಗವಿತ್ತು, ಸಮಯವೂ ಇತ್ತು. ಆದರೆ ಗುರುತಿಲ್ಲ ಎಂದು ಆಗಲೇ ಹೇಳಿಬಿಟ್ಟಿದ್ದೆ. ಹಿಂದೆ ಹೋಗಿ ಬಾಗಿಲು ತೆಗೆದರೆ ಅತ್ತೆ ಹತ್ತುವ ಮೊದಲೇ “ಅಳಿಯಂದಿರು ಬಂದ್ರಾ” ಎನ್ನುತ್ತಾರೆ. ಬಂಟ್ವಾಳ ಬರುವವರೆಗೆ ಗೋಡೆಗೆ ಬಳಿಯುವ ಪುಟ್ಟಿಯ ಮಾರಾಟದ ಬಗ್ಗೆ ಏನೇನೋ ಬಡಬಡಿಸಿದೆ.

ಸಂಜೆ ಮನೆಗೆ ಹೋಗುವಾಗ ಒಂದು ಸುಳ್ಳನ್ನು ತಯಾರು ಮಾಡಿಕೊಂಡೇ ಹೋಗಿದ್ದೆ. ಅದರ ಅಗತ್ಯವೇ ಬೀಳಲಿಲ್ಲ. ನಾನು ಚಪ್ಪಲಿ ಬಿಡುತ್ತಿದ್ದ ಹಾಗೆ ಹೆಂಡತಿ ಒಳಗಿನಿಂದ ದೊಡ್ಡ ಸ್ವರದಲ್ಲಿ, “ನೋಡಿ ಅಮ್ಮ, ಬಂದ್ರು. ನಾನು ಹೇಳಿದ್ದು ಹೌದಾ ಅಲ್ವಾ ಕೇಳಿ. ಇವರು ಗಾಡಿ ಬಿಡುವಾಗ ಆಚೆ ಈಚೆ ನೋಡುವವರೇ ಅಲ್ಲ. ಹೆಂಡತಿ ಎದುರು ನಿಂತರೂ ಕಾಣುವುದಿಲ್ಲ!” ಎಂದು ನಕ್ಕಳು.

“ಎಲ್ಲಿ? ಯಾವಾಗ?” ಎಂದೆ. ನಾಟಕದವರು ನನ್ನನ್ನು ನೋಡಿ ಕಲಿಯಬೇಕು.

“ರಸ್ತೆಯನ್ನೇ ನೋಡ್ಬೇಕು. ಹಾಗೇ ಇರ್ಬೇಕು,” ಎಂದರು ಅತ್ತೆ. ನನಗೆ ಅಬ್ಬ ಎನಿಸಿತು. ಬಚಾವಾದೆ ಎಂದುಕೊಂಡು ಎರಡು ಲೋಟ ಚಾ ಕುಡಿದೆ.

ಬಚಾವಾಗಿರಲಿಲ್ಲ. ಆ ಮಾತು ಸಂಬಂಧಿಕರಲ್ಲೆಲ್ಲ ಹರಡಿತು. ಮದುವೆಯ ಊಟದ ಪಂಕ್ತಿಯಲ್ಲಿ, ಗೃಹಪ್ರವೇಶದಲ್ಲಿ, ಎಲ್ಲಿ ಹೋದರೂ ಅತ್ತೆಗೆ ಅದೇ ಕಥೆ. ಹೆಂಡತಿ ಪಕ್ಕದಲ್ಲಿ ಕೂತು ಅತ್ತೆ ಹೇಳಲು ಮರೆತದ್ದನ್ನು ಸೇರಿಸುತ್ತಿದ್ದಳು. ಭಾವಂದಿರು, “ಗಾಡಿ ಬಿಟ್ಟರೆ ಇವರ ಹಾಗೆ ಬಿಡ್ಬೇಕು” ಎಂದು ನನ್ನ ಬೆನ್ನು ತಟ್ಟುತ್ತಿದ್ದರು. ತಟ್ಟಿದಾಗಲೆಲ್ಲ ನನಗೆ ಬೆಂಕಿಯ ಮೇಲೆ ಕೂತ ಹಾಗಾಗುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳುವವರಿಗೆ ಏನು ಹೇಳುವುದು?

ಇದಕ್ಕೆಲ್ಲ ಪ್ರಾಯಶ್ಚಿತ್ತವೆಂದು ಕಾರು ಕೊಂಡೆ. ಮೊದಲ ದಿನವೇ ಆ ಹಳದಿ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ಕಿತ್ತೆ. ಅಂಟು ಹೋಗಲಿಲ್ಲ. ಹೆಂಡತಿ ತೆಂಗಿನೆಣ್ಣೆ ತಂದು ಹಳೆಯ ಬಟ್ಟೆಯಿಂದ ಉಜ್ಜಿದಳು. ಎಷ್ಟು ಉಜ್ಜಿದರೂ ಚೌಕಾಕಾರದ ಒಂದು ಕಲೆ ಉಳಿಯಿತು. “ಇರಲಿ ಬಿಡಿ,” ಎಂದು ಅದರ ಮುಂದೆಯೇ ಕೂತಳು. ಅತ್ತೆ ಹಿಂದೆ ಕೂತರು. ಶಿರ್ತಾಡಿಗೆ ಹೊರಟೆವು. ಈಗ ಎಲ್ಲ ಸರಿಯಾಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಮಡಂತ್ಯಾರಿನ ಸ್ಟಾಪು ಬಂತು.

“ಇಲ್ಲೇ ಅಲ್ವಾ ಅಮ್ಮ ನಾವು ನಿಂತದ್ದು? ಇವರಿಗೆ ನಾವು ಕಾಣಲೇ ಇಲ್ಲ,” ಎಂದಳು ಹೆಂಡತಿ. ಅತ್ತೆ ಹಿಂದಿನಿಂದ ಖುಷಿಯಲ್ಲಿ ನಕ್ಕರು.

ಆಮೇಲೆ ಆ ಸ್ಟಾಪು ದಾಟಿದಾಗಲೆಲ್ಲ ಇದೇ. ಶಿರ್ತಾಡಿಗೆ ಹೋಗಲು ಬೇರೆ ದಾರಿ ಹಿಡಿದು ನೋಡಿದೆ. “ಸುಮ್ಮನೆ ಎಂತಕ್ಕೆ ಸುತ್ತು?” ಎಂದರು ಇಬ್ಬರೂ. ಗಾಡಿ ಮಾರಿಬಿಡುತ್ತೇನೆ ಎಂದೆ. ಅತ್ತೆ ಮುಖ ಸಣ್ಣದು ಮಾಡಿ, “ನನಗೆ ಬೇರೆಯವರ ಗಾಡಿಯಲ್ಲಿ ಕೂರ್ಲಿಕ್ಕೆ ಧೈರ್ಯ ಇಲ್ಲ. ನೀವಾದ್ರೆ ರಸ್ತೆಯಿಂದ ಕಣ್ಣು ತೆಗೆಯುವುದಿಲ್ಲ,” ಎಂದರು. ಹಾಗಾಗಿ ಮಾರುವ ದಾರಿಯೂ ಮುಚ್ಚಿತು. ನಾನೇ ಆರಿಸಿ ಕೊಂಡ ಗಾಡಿ, ಅದರೊಳಗೆ ನಾನೇ ಸಿಕ್ಕಿಬಿದ್ದೆ.

ಕಳೆದ ತಿಂಗಳು ಅತ್ತೆಯನ್ನು ಶಿರ್ತಾಡಿಯಲ್ಲಿ ಬಿಟ್ಟು ನಾವಿಬ್ಬರೇ ಹಿಂದೆ ಬರುತ್ತಿದ್ದೆವು. ಬೆಳ್ತಂಗಡಿಯ ಕಡೆಯಿಂದಲೇ, ಅಂದು ಬಂದ ಹಾಗೆಯೇ. ಸ್ಟಾಪು ಹತ್ತಿರವಾಗುತ್ತಿದ್ದಂತೆ ನಾನು ಹಲ್ಲು ಕಚ್ಚಿ ಆ ಕಥೆಗೆ ಕಾದೆ. ಅವಳು ಏನೂ ಹೇಳಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಗ ನನಗೆ ಹೊಳೆಯಿತು: ನಾವಿಬ್ಬರೇ ಇದ್ದಾಗ ಅವಳು ಆ ಕಥೆಯನ್ನು ಒಮ್ಮೆಯೂ ಹೇಳಿದವಳಲ್ಲ.

ಗಾಡಿಯನ್ನು ಬದಿಗೆ ನಿಲ್ಲಿಸಿದೆ.

“ಅವತ್ತು ನಾನು…” ಎಂದೆ.

“ಗೊತ್ತುಂಟು,” ಎಂದಳು. “ನೀವು ನಮ್ಮನ್ನು ಕಂಡದ್ದನ್ನು ನಾನು ಕಂಡಿದ್ದೇನೆ. ಅಮ್ಮನಿಗೂ ಗಾಡಿ ಕಂಡಿತ್ತು, ಇನ್ನೊಂದು ಕಣ್ಣು ಚೆನ್ನಾಗಿಯೇ ಇತ್ತಲ್ಲ. ‘ಅಳಿಯಂದಿರ ಗಾಡಿ ಅಲ್ವಾ ಅದು, ನಿಲ್ಲಿಸ್ಲಿಲ್ಲ ಯಾಕೆ’ ಅಂತ ಕೇಳಿದ್ರು. ನಾನು ಎಂತ ಹೇಳ್ಬೇಕಿತ್ತು? ನಿಮಗೆ ಕಾಣಲಿಲ್ಲ ಅಂತ ಅಲ್ಲಿಯೇ ಒಂದು ಸುಳ್ಳು ಹೇಳಿದೆ. ಅಮ್ಮನಿಗೆ ಸಂಶಯ ಬರಬಾರದಲ್ಲ, ಮತ್ತೆ ಮತ್ತೆ ಹೇಳಿದೆ.”

“ಕೆಲಸ ಹೋಗ್ತದೆ ಅಂತ ಹೆದರಿದೆ,” ಎಂದೆ.

“ಅದೂ ಗೊತ್ತುಂಟು ಮಾರಾಯ್ರೆ. ನಿಲ್ಲಿಸದ್ದಕ್ಕೆ ನನಗೆ ಬೇಜಾರಿಲ್ಲ. ಮನೆಗೆ ಬಂದು ನನ್ನ ಹತ್ತಿರ ಆದ್ರೂ ಹೇಳ್ತೀರಿ ಅಂತ ಕಾದೆ. ಕಾದದ್ದೇ ಬಂತು.” ನನ್ನ ಕಡೆ ತಿರುಗಿ ಕೇಳಿದಳು: “ಪಕ್ಕದಲ್ಲಿ ನಿಮ್ಮ ಮ್ಯಾನೇಜರು ಇದ್ರಲ್ಲ. ಅವರು ನಾವು ಯಾರು ಅಂತ ಕೇಳಿದ್ರಾ?”

ಇಲ್ಲ ಎನ್ನಬಹುದಿತ್ತು. ಆ ಒಂದು ಮಾತಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಿ ಹೇಳಿ ನನಗೇ ಸಾಕಾಗಿತ್ತು.

“ಕೇಳಿದ್ರು. ಗುರುತಿಲ್ಲ ಅಂದೆ. ಹತ್ತಿಸಿಕೊಳ್ಬಹುದಿತ್ತು ಅಂದ್ರು ಅವರು.”

ಅವಳು ಆ ಸ್ಟಿಕ್ಕರಿನ ಕಲೆಯ ಮೇಲೆ ಬೆರಳಾಡಿಸಿದಳು. ಬಾಗಿಲು ತೆಗೆದು ಇಳಿದು, ಸ್ಟಾಪಿನ ಬಳಿ ನಿಂತಿದ್ದ ಆಟೋ ಹತ್ತಿ ಮನೆಗೆ ಹೋದಳು. ನಾನು ಹಿಂದಿನಿಂದ ಖಾಲಿ ಕಾರು ತಂದೆ. ಮರುದಿನ ಬೆಳಿಗ್ಗೆ ಎಂದಿನ ಹಾಗೆ ಚಾ ಕೊಟ್ಟಳು, ಮಾತಾಡಿದಳು. ಆ ವಿಷಯ ಮಾತ್ರ ಬರಲಿಲ್ಲ.

ಮುಂದಿನ ಭಾನುವಾರ ಅತ್ತೆಯನ್ನು ಕರೆದುಕೊಂಡು ಬರುತ್ತಿದ್ದೆವು. ಹೆಂಡತಿ ನನ್ನ ಪಕ್ಕ, ಅತ್ತೆ ಹಿಂದೆ. ಮಡಂತ್ಯಾರು ಬಂತು. ಹೆಂಡತಿ ಬಾಯಿ ಬಿಡಲಿಲ್ಲ. ಅತ್ತೆ ತಡೆಯಲಾಗದೆ ತಾವೇ ಶುರುಮಾಡಿದರು.

“ಇಲ್ಲೇ ಅಲ್ವಾ ಮಗಾ ನಾವು ಅವತ್ತು ನಿಂತದ್ದು?”

“ಹೌದಮ್ಮ, ಇಲ್ಲೇ,” ಎಂದಳು ನನ್ನ ಹೆಂಡತಿ. “ಇವರಿಗೆ ನಮ್ಮ ಗುರುತಿರಲಿಲ್ಲ.”

ಅತ್ತೆ ಎಂದಿನ ಹಾಗೆ ನಕ್ಕರು. ನಾನು ರಸ್ತೆಯನ್ನೇ ನೋಡುತ್ತಾ ಗಾಡಿ ಬಿಟ್ಟೆ.