ಗಡಿಗೆ ಬಂದ ದೋಣಿ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುವ ಆಟ ಆಡುತ್ತ ಕೂತಿದ್ದೆ. ಈ ವಯಸ್ಸಿಗೆ ಇದು ಶೋಭೆಯಲ್ಲ ಎಂದು ಹೆಂಡತಿ ಹೇಳುತ್ತಾಳೆ; ನೀವೂ ಹೇಳಿ, ಬೇಸರವಿಲ್ಲ. ಪಕ್ಕದ ರಾಜ, ಕಂಪ್ಯೂಟರೇ ಆಡಿಸುವವನು, ಮೊದಲಿಂದಲೂ ನನ್ನ ಮಿತ್ರ. ಅವನ ಮೇಲೆ ಬೇರೆಯವರು ಏರಿ ಬರುತ್ತಿದ್ದರೆಂದು ನನ್ನ ಸೈನ್ಯವನ್ನು ಅವನ ಗಡಿಗೆ ಕಳಿಸಿದೆ. ಅವನು ನನ್ನ ಮೇಲೆಯೇ ಯುದ್ಧ ಸಾರಿದ!

ಅವನ ಚಿತ್ರ ಒತ್ತಿದರೆ ನನ್ನ ಬಗ್ಗೆ ಅವನಿಗಿರುವ ಅಭಿಪ್ರಾಯವೆಲ್ಲ ಪಟ್ಟಿಯಾಗಿ ಕಾಣುತ್ತದೆ. ಉಡುಗೊರೆ ಕೊಟ್ಟದ್ದಕ್ಕೆ ಒಂದಿಷ್ಟು ಮೆಚ್ಚುಗೆ, ವ್ಯಾಪಾರಕ್ಕೆ ಒಂದಿಷ್ಟು, ಗಡಿಗೆ ಸೈನ್ಯ ತಂದದ್ದಕ್ಕೆ ಭಾರೀ ಸಂಶಯ. ಯಾಕೆ ತಂದೆ ಎಂದು ಕೇಳುವ ಜಾಗವೇ ಆ ಪಟ್ಟಿಯಲ್ಲಿಲ್ಲ. ದಡ್ಡ ಯಂತ್ರ ಎಂದು ಬೈಯಲು ಹೊರಟವನಿಗೆ ಪುರುಸಣ್ಣ ನೆನಪಾದ.

ನಮ್ಮ ಕಡಲ ದಂಡೆಯ ಊರು ಅವರ್ಸೆಯಲ್ಲಿ ನಮ್ಮದೂ ಪುರುಸಣ್ಣನದೂ ಅಕ್ಕಪಕ್ಕದ ಮನೆ. ದಂಡೆಯ ಮೇಲೆ ದೋಣಿಗಳೂ ಅಕ್ಕಪಕ್ಕ. ಮಳೆಗಾಲದಲ್ಲಿ ದೋಣಿ ಎಳೆದಿಡುವ ಜಾಗಕ್ಕೆ ನಮ್ಮಲ್ಲಿ ಕಾಗದಪತ್ರವಿಲ್ಲ. ಅಪ್ಪ ಇಟ್ಟಲ್ಲಿ ಮಗ ಇಡುತ್ತಾನೆ, ಅಷ್ಟೇ. ಹಾಗಾಗಿ ಒಂದು ಮೊಳ ಆಚೀಚೆಯಾದರೂ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಆಷಾಢದಲ್ಲಿ ನಾನು ವಾರ ಬಿಟ್ಟು ದಂಡೆಗೆ ಬಂದು ನೋಡುತ್ತೇನೆ, ನನ್ನ ದೋಣಿಯ ಮುಂದೆ, ಸಮುದ್ರದ ಬದಿಗೆ, ಪುರುಸಣ್ಣನ ಹಳೇ ದೋಣಿ ಅಡ್ಡ ಮಲಗಿದೆ. ಅದರ ತುಂಬ ಉಸುಕು ಬೇರೆ.

ನನ್ನ ತಲೆಯಲ್ಲೂ ಒಂದು ಪಟ್ಟಿ ಬಿಚ್ಚಿಕೊಂಡಿತು. ಹೋದ ತಿಂಗಳು ನನ್ನ ದೋಣಿಯ ಉದ್ದ ಯಾಕೆ ಕೇಳಿದ? ನಾನು ಕೇಳದೆಯೇ ಮನೆಗೆ ಬಂಗಡೆ ಮೀನು ಯಾಕೆ ಕಳಿಸಿದ? ಜಾಗ ನುಂಗಲಿಕ್ಕೇ! ಅವನು ಬೈತಖೋಲ ಬಂದರಿಗೆ ಲೋಡಿಂಗ್ ಕೆಲಸಕ್ಕೆ ಹೋಗಿದ್ದ. ಫೋನು ನನ್ನ ಕಿಸೆಯಲ್ಲೇ ಇತ್ತು. ಆದರೂ ಕೇಳಲಿಲ್ಲ. ನಾಲ್ಕು ಜನರನ್ನು ಕರೆದು ಉಸುಕು ತೋಡಿಸಿ, ಆ ದೋಣಿಯನ್ನು ದೂರ ಎಳೆಸಿ ಹಾಕಿಸಿದೆ. ಗೆದ್ದವನ ಗತ್ತಿನಲ್ಲಿ ಮನೆಗೆ ಬಂದು ಚಹಾ ಕುಡಿದೆ.

ಮೂರನೇ ದಿನ ಕಡಲು ಏರಿತು. ನನ್ನ ದೋಣಿ ಹೋಯಿತು. ಹಲಗೆಯೊಂದೂ ಸಿಗಲಿಲ್ಲ.

ಸುದ್ದಿ ಕೇಳಿ ಬಂದ ಪುರುಸಣ್ಣ ದಂಡೆ ನೋಡಿ ಇಷ್ಟೇ ಅಂದ: "ನಿನ್ನ ದೋಣಿಗೆ ತೆರೆ ಹೊಡ್ತ ತಪ್ಲಿ ಅಂತ ಉಸುಕು ತುಂಬಿ ಅಡ್ಡ ಇಟ್ಟಿದ್ನಲ್ಲಾ ತಮಾ."

"ಹೇಳ್ಬೇಕಿತ್ತಲ್ಲಾ ಪುರುಸಣ್ಣಾ!"

"ಎಂತಾ ಹೇಳೂದು? ನೀ ದಂಡಿ ಮೇಲೆ ಹುಟ್ಟಿದವ ಅಲ್ವಾ?"

ಆ ಹಂಗಾಮಿನಿಂದ ಅವನ ದೋಣಿಯಲ್ಲೇ ನನಗೂ ಪಾಲು. ಅವನೇ ಕರೆದ. ನಿಜ ಹೇಳಬೇಕೆಂದರೆ, ಆಗಿನಿಂದ ದಿನಾ ಅವನ ಎದುರು ಕೂತು ಬಲೆ ಎಳೆಯುತ್ತ, ಇವನು ಯಾಕೆ ಕರೆದ, ಊರ ಮುಂದೆ ದೊಡ್ಡವನಾಗಲಿಕ್ಕೋ, ಒಂದು ದಿನ ಸೇಡು ತೀರಿಸಲಿಕ್ಕೋ ಎಂದು ಅವನ ಮುಖವನ್ನೇ ನೋಡುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೆ ಅದು ಹಾಗೆಯೇ ಇತ್ತು.

ಮೊನ್ನೆ ಕಂಪ್ಯೂಟರ್ ಬಂದ್ ಮಾಡಿ ನೆಟ್ಟಗೆ ಅವನ ಮನೆಗೆ ಹೋದೆ. ಜಗಲಿಯಲ್ಲಿ ಬಲೆ ನೇಯುತ್ತಿದ್ದ. "ಪುರುಸಣ್ಣಾ, ಅವತ್ತು ನಿನ್ನ ದೋಣಿ ಎಳೆಸಿ ಹಾಕ್ದೆ. ನಿಂಗೆ ಸಿಟ್ಟು ಬರ್ಲಿಲ್ವಾ?"

ಅವನು ತಲೆ ಎತ್ತಲಿಲ್ಲ. "ಬಂದಿತ್ತು. ಈಗೂ ಅದೆ. ನಾಳೆ ಲಗೂ ಬಾ, ಬಲೆ ಹೊರೂಕೆ ಜನ ಕಮ್ಮಿ."

ಮೊದಲ ಸಲ, ಆ ಮಾತಿನ ಹಿಂದೆ ಏನಿದೆಯೆಂದು ಹುಡುಕದೆ, ಬರುತ್ತೇನೆ ಎಂದೆ.