ಬಣ್ಣ ಹಚ್ಚದ ಬೆನ್ನು

ಭರಮಸಾಗರದ ಹತ್ತಿರದ ಒಂದು ಶಾಲೆಗೆ ಎಚ್‌ಪಿವಿ ಲಸಿಕೆಯ ಬಗ್ಗೆ ಹೇಳಲು ಹೋಗಿದ್ದೆ. ಹೆಣ್ಣುಮಕ್ಕಳ ತಂದೆತಾಯಿಯರನ್ನಷ್ಟೇ ಕರೆಸಿದ್ದೆವು. ನಾನು ನರ್ಸು. ಈ ಲಸಿಕೆ ತಡೆಯುವ ಗರ್ಭಕಂಠದ ಕ್ಯಾನ್ಸರಿನ ಮಾತು ಹತ್ತೂರಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಮುಗಿಸಿದ ಮೇಲೆ ಹೆಗಲಿಗೆ ಕಂಬಳಿ ಹಾಕಿಕೊಂಡಿದ್ದ ಒಬ್ಬ ಕುರಿಗಾಹಿ ಎದ್ದು ನಿಂತ.

“ನರ್ಸಮ್ಮ, ಮಗಳ ಜೊತೆ ನನ್ನ ಮಗನಿಗೂ ಹಾಕ್ರಿ.”

“ಇಲ್ಲಿ ಹುಡುಗಿಯರಿಗೆ ಮಾತ್ರಪ್ಪ.”

“ಈ ರೋಗದ ಹುಳ ಹುಡುಗರಿಗೆ ಅಂಟಲ್ವೇನ್ರಿ?”

“ಅಂಟುತ್ತೆ. ಅವರಿಂದ ಬೇರೆಯವರಿಗೂ ಹರಡುತ್ತೆ. ಅವರಿಗೂ ಗಂಟಲ ಕ್ಯಾನ್ಸರ್ ಆಗಬಹುದು. ಬೇಕಾದ್ರೆ ಖಾಸಗಿ ಆಸ್ಪತ್ರೆಲಿ ಹಾಕಿಸಬಹುದು.”

ಆತ ನನ್ನನ್ನು ವಿಚಿತ್ರವಾಗಿ ನೋಡಿದ. “ಕುರಿಗೆ ಸೂಜಿ ಹಾಕ್ಸುವಾಗ ನಾವು ಟಗರು ಬಿಟ್ಟು ಬರೀ ಹೆಣ್ಣಿಗೆ ಹಾಕ್ಸಲ್ರಿ. ನಿಮಗೆ ಗಂಡುಮಕ್ಕಳು ಅದಾರಾ? ಹಾಕ್ಸೀರಾ?”

ಹೌದು ಅನ್ನಲು ಬಾಯಿ ತೆರೆದೆ. ಆದರೆ ಹಾಕಿಸಿರಲಿಲ್ಲ. ನನಗೆ ಇಬ್ಬರು ಮಕ್ಕಳು, ಇಬ್ಬರೂ ಗಂಡು. ಊರ ಮಕ್ಕಳಿಗೆಲ್ಲ ಸೂಜಿ ಚುಚ್ಚುವ ನನಗೆ ಈ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ. ಹುಡುಗರಲ್ವಾ ಅಂತ ಬಿಟ್ಟೇಬಿಟ್ಟಿದ್ದೆ!

ಆತನೇ ಸಮಾಧಾನ ಹೇಳಿದ: “ಬೇಜಾರಾಗ್ಬೇಡ್ರಿ. ಸೂಜಿ ಹಾಕ್ಸಿದ ಕುರಿ ಬೆನ್ನಿಗೆ ನಾವು ಬಣ್ಣ ಹಚ್ತೀವಿ. ಯಾವುದು ಉಳಿದೈತೆ ಅಂತ ದೂರದಿಂದ್ಲೇ ಗೊತ್ತಾಗ್ತೈತೆ. ಮಕ್ಕಳಿಗೆ ಬಣ್ಣ ಹಚ್ಚಲ್ವಲ್ರಿ, ಅದಕ್ಕೇ ಕೇಳ್ದೆ.”

ಸಂಜೆ ಮನೆಗೆ ಬಂದಾಗ ನನ್ನ ಮಕ್ಕಳಿಬ್ಬರೂ ಬನಿಯನ್ನಿನಲ್ಲಿ ಕೂತು, ಬಾಗಿಲಿಗೆ ಬೆನ್ನು ಮಾಡಿ ಟೀವಿ ನೋಡುತ್ತಿದ್ದರು. ನಾನೇ ತಿಕ್ಕಿ ತಿಕ್ಕಿ ಒಗೆದ ಬನಿಯನ್ನುಗಳು; ಒಂದು ಚುಕ್ಕೆ ಬಣ್ಣ ಇರಲಿಲ್ಲ.