ಟೀ ಪಾರ್ಟಿಗೆ ಬಂದ ಹೊಲಿಗೆ ಟೀಚರ್

ನಮ್ಮ ಹೊಲಿಗೆ ಟೀಚರ್ ನಗುವ ಮೊದಲು ಬಾಯಿಂದ ಗುಂಡುಸೂಜಿಗಳನ್ನು ತೆಗೆಯುತ್ತಿದ್ದರು. ಅವರ ತುಟಿಗಳ ನಡುವೆ ಯಾವಾಗಲೂ ಎರಡೋ ಮೂರೋ ಸೂಜಿ ಇರುತ್ತಿದ್ದವು. ಬೈಯುವುದು, ಲೆಕ್ಕ ಹೇಳುವುದು, ಪಾಠ ಮಾಡುವುದು ಎಲ್ಲ ಅವುಗಳ ಸಂದಿನಿಂದಲೇ. ನಗು ಬಂದರೆ ಮಾತ್ರ ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿ, ಆಮೇಲೆ ಸಾವಕಾಶವಾಗಿ ನಗುತ್ತಿದ್ದರು. ಅಷ್ಟರಲ್ಲಿ ನಗಿಸಿದ ಹುಡುಗಿಗೆ ತಾನು ಏನು ಹೇಳಿದ್ದೆನೆಂದೇ ಮರೆತಿರುತ್ತಿತ್ತು.

ಪುತ್ತೂರಿನ ಹುಡುಗಿಯರ ಶಾಲೆಯಲ್ಲಿ ನಾನು ಅವರ ಕೈಕೆಳಗೆ ನಾಲ್ಕು ವರ್ಷ ಕಲಿತೆ. ನಾವು ಹೊಲಿದ ಯಾವ ಬಟ್ಟೆಯನ್ನೂ ಅವರು ಮೇಲಿನಿಂದ ನೋಡಿದವರಲ್ಲ. "ತಿರುಗಿಸಿ ತೋರಿಸು" ಎನ್ನುತ್ತಿದ್ದರು. ಒಳಗಿನ ಹೊಲಿಗೆ ಒಪ್ಪವಾಗಿಲ್ಲದಿದ್ದರೆ ಹೊರಗೆ ಎಷ್ಟು ಚಂದದ ಕಸೂತಿ ಇದ್ದರೂ ಬಿಚ್ಚಿಸುತ್ತಿದ್ದರು. ಅವರಿಗೆ ಮದುವೆಯಾಗಿರಲಿಲ್ಲ. ಕಡಬದಲ್ಲಿ ಒಬ್ಬ ತಮ್ಮ ಇದ್ದ. ನಮ್ಮ ತಂದೆಗೆ ಪೇಟೆಯಲ್ಲಿ ಜವಳಿ ಅಂಗಡಿ ಇದ್ದುದರಿಂದ ತುಂಡುಬಟ್ಟೆಗಾಗಿ ವಾರಕ್ಕೊಮ್ಮೆ ಬರುತ್ತಿದ್ದರು. ಹಾಗೆ ಶಾಲೆ ಮುಗಿದ ಮೇಲೂ ನನಗೂ ಅವರಿಗೂ ಬಳಕೆ ತಪ್ಪಲಿಲ್ಲ.

ಐವತ್ತರ ದಶಕದ ಕೊನೆಯಲ್ಲಿ ನನಗೆ ಮಂಗಳೂರಿನ ಒಬ್ಬ ವಕೀಲರ ಮಗನೊಂದಿಗೆ ಮದುವೆ ಗೊತ್ತಾಯಿತು. ಮದುವೆ ನಮ್ಮಲ್ಲೇ, ಸರಳವಾಗಿ ಆಗಲಿ ಎಂದರು. ಆದರೆ ಮಾರನೆಯ ಸಂಜೆ ಮಂಗಳೂರಿನಲ್ಲಿ ಒಂದು ರಿಸೆಪ್ಷನ್ ಬೇಕು, ಏರ್ಪಾಡು ಹೆಣ್ಣಿನ ಕಡೆಯವರದು ಎಂದು ಮಾವನವರು ಹೇಳಿ ಕಳಿಸಿದರು. ಅವರೇ ಸೂಚಿಸಿದ ಜಾಗ ಒಂದು ಕ್ಲಬ್ಬಿನ ಡ್ಯಾನ್ಸ್ ಹಾಲು. ಬಿಳಿಯರು ಇದ್ದ ಕಾಲದಲ್ಲಿ ಕುಣಿಯಲೆಂದು ಕಟ್ಟಿಸಿದ್ದು, ನೆಲಕ್ಕೆಲ್ಲ ಮರದ ಹಲಗೆ ಹಾಸಿದ್ದು. ಬಾಳೆಲೆ ಹಾಕಿ ಸಾವಿರ ಜನಕ್ಕೆ ಬಡಿಸು ಎಂದಿದ್ದರೆ ನನ್ನ ತಂದೆ ಅಳುಕುತ್ತಿರಲಿಲ್ಲ. ಕೇಕು, ಕಟ್ಲೆಟ್ಟು, ಮುಳ್ಳುಚಮಚ ಎಂದಾಗ ಅವರ ಮುಖ ಬಾಡಿತು.

"ಟೀಚರ್ರೇ, ಇದೆಲ್ಲ ನಮಗೆ ಎಂತ ಗೊತ್ತುಂಟು?" ಎಂದು ಅಂಗಡಿಯಲ್ಲಿ ತೋಡಿಕೊಂಡರು.

ಟೀಚರ್ ಸೂಜಿಗಳನ್ನು ತೆಗೆದರು. "ನನಗೆ ಸ್ವಲ್ಪ ಗೊತ್ತುಂಟು. ಮದ್ರಾಸಿನಲ್ಲಿ ಟ್ರೈನಿಂಗ್ ಮಾಡುವಾಗ ಒಬ್ಬ ಜಡ್ಜರ ಮನೆಯಲ್ಲಿ ಇದ್ದೆ. ಅಲ್ಲಿ ತಿಂಗಳಿಗೊಂದು ಪಾರ್ಟಿ. ಅವರ ಹೆಂಡತಿಗೆ ಕೈಗೆ ಕಾಲಿಗೆ ನಾನೇ. ಹೆದರುದು ಬೇಡ, ಮಾಡುವ."

ಆ ಮೂರು ತಿಂಗಳು ಅವರು ನಮ್ಮ ಮನೆಯ ಯಜಮಾನಿಯಂತೆ ದುಡಿದರು. ತಂದೆಯ ಜೊತೆ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ಚಪ್ಪಲಿ ಬಿಟ್ಟು, ಆ ದೊಡ್ಡ ಹಾಲನ್ನು ಹೆಜ್ಜೆ ಹಾಕಿ ಅಳೆದರಂತೆ. ಅಂಗಿಯ ನಕ್ಷೆ ಬರೆಯುವ ಚೌಕುಳಿ ಕಾಗದದ ಮೇಲೆ ಹದಿನೆಂಟು ಮೇಜು ಬರೆದರು. ಯಾರು ಎಲ್ಲಿ ಕೂರಬೇಕು, ಚಹಾ ಯಾವ ಬಾಗಿಲಿಂದ ಬರಬೇಕು, ಮದುಮಕ್ಕಳು ನಾವಿಬ್ಬರೂ ಎಲ್ಲಿ ನಿಂತು ಕೈಮುಗಿಯಬೇಕು, ಎಲ್ಲ ಅದರಲ್ಲಿತ್ತು. ತಂದೆ ಮೇಜಿಗೊಂದು ದೊಡ್ಡ ಹೂದಾನಿ ಇರಲಿ ಎಂದಾಗ ಒಪ್ಪಲಿಲ್ಲ. "ಹೂ ತಗ್ಗಿನಲ್ಲಿ ಇರ್ಬೇಕು. ಎದುರು ಕೂತವರ ಮುಖ ಕಾಣದಿದ್ರೆ ಮಾತಾಡುದು ಹೇಗೆ?" ಎಂದರು. ಹದಿನೆಂಟು ಮೇಜುಬಟ್ಟೆಗಳ ಅಂಚಿಗೂ ಬಿಳಿ ನೂಲಿನಲ್ಲಿ ಬಿಳಿ ಮಲ್ಲಿಗೆ ಕಸೂತಿ ಹಾಕಿದರು. ಹತ್ತಿರ ಬಂದವರಿಗೆ ಮಾತ್ರ ಕಾಣುವಂಥದು.

ನನಗೂ ಅಮ್ಮನಿಗೂ ಪಾಠ ಅವರ ಬಾಡಿಗೆ ಕೋಣೆಯಲ್ಲಿ. ಎಲ್ಲಿಂದಲೋ ಎರಡು ಮುಳ್ಳುಚಮಚ ತಂದಿದ್ದರು. ಕೇಕು ಇಲ್ಲವಲ್ಲ, ಇಡ್ಲಿಯ ಮೇಲೆ ಅಭ್ಯಾಸ. ಅಮ್ಮನ ಇಡ್ಲಿ ಒಮ್ಮೆ ತಟ್ಟೆಯಿಂದ ಹಾರಿ ಹೊಲಿಗೆ ಯಂತ್ರದ ಕೆಳಗೆ ಹೋಯಿತು. ಮೂವರೂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಂಥ ನಗು ನನಗೆ ಮತ್ತೆ ಹೆಚ್ಚು ಸಿಗಲಿಲ್ಲ.

"ಅವತ್ತು ನೀವು ನಮ್ಮ ಜೊತೆ ಮುಂದಿನ ಮೇಜಲ್ಲೇ ಕೂರ್ಬೇಕು" ಎಂದು ತಂದೆ ಖಂಡಿತವಾಗಿ ಹೇಳಿದ್ದರು. ಟೀಚರ್ ತಮ್ಮ ಹೆಸರನ್ನು ನಕ್ಷೆಯಲ್ಲಿ ಬರೆಯಲು ನಾಚಿಕೊಂಡದ್ದರಿಂದ ನಾನೇ ಬರೆದೆ.

ಆ ಸಂಜೆ ಕ್ಲಬ್ಬಿನ ಹಾಲು ಟೀಚರ್ ಅಂದುಕೊಂಡಂತೆಯೇ ಕಂಡಿತು. ಬೆಳಗಿನಿಂದ ಅಲ್ಲೇ ಇದ್ದ ಟೀಚರಿಗೆ ಸೀರೆ ಬದಲಿಸಲು ಹೊತ್ತು ಸಿಕ್ಕಿರಲಿಲ್ಲ. ಬಸ್ಸಿನ ಧೂಳು ಹಿಡಿದ ನೂಲಿನ ಸೀರೆ, ಹೆಗಲಲ್ಲಿ ಕ್ಯಾನ್ವಾಸಿನ ಚೀಲ, ಅದರಿಂದ ಇಣುಕುವ ಕತ್ತರಿ. ಜರಿ ಸೀರೆಯವರು, ಕೋಟು ಹಾಕಿದವರು ಬರತೊಡಗಿದ್ದರು. ನನ್ನ ಸೆರಗಿನ ಮಡಿಕೆ ಸರಿಮಾಡಲು ಅವರು ನನ್ನ ಬಳಿ ಬಂದಾಗಲೇ ಅತ್ತೆಯೂ ಬಂದರು.

ಅತ್ತೆ ಮೇಜುಬಟ್ಟೆಯ ಅಂಚನ್ನು ಬೆರಳಲ್ಲಿ ಎತ್ತಿ ನೋಡಿದರು. "ಎಲ್ಲ ಎಷ್ಟು ಅಚ್ಚುಕಟ್ಟು ಮಾಡಿದ್ದೀರಿ. ಇದೆಲ್ಲ ನಿಮ್ಮಲ್ಲಿ ಮೊದಲಿಂದ ರೂಢಿ ಉಂಟು ಅಂತ ಕಾಣ್ತದೆ" ಎಂದರು. ಆಮೇಲೆ ಟೀಚರ ಕಡೆ ತಿರುಗಿ, "ಇವರು ಯಾರು, ಗೊತ್ತಾಗಲಿಲ್ಲ" ಎಂದರು.

ನನ್ನ ಟೀಚರ್ ಎಂದರೆ ಮುಂದಿನ ಪ್ರಶ್ನೆ ಬಂದೀತು, ಇಡ್ಲಿಯವರೆಗೂ ಎಲ್ಲ ಹೊರಬಿದ್ದೀತು ಎಂದು ನನಗೆ ಅನ್ನಿಸಿತು. ಅನ್ನಿಸಲು ಹಿಡಿದದ್ದು ಒಂದು ಗಳಿಗೆ.

"ಇವರು ರವಿಕೆ ಹೊಲಿಯುವವರು" ಎಂದೆ.

ಟೀಚರ್ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಒಳಗಿನ ಹೊಲಿಗೆ ನೋಡುವಾಗಿನ ಅದೇ ನೋಟ. ಆಮೇಲೆ ಸೆರಗಿನಿಂದ ಒಂದು ಗುಂಡುಸೂಜಿ ತೆಗೆದು ತುಟಿಗಿಟ್ಟುಕೊಂಡರು. "ಹೌದಮ್ಮ. ತೋಳು ಸ್ವಲ್ಪ ಬಿಗಿ ಉಂಟು ಹೇಳಿದ್ರು. ನೋಡಿ ಹೋಗುವ ಅಂತ ಬಂದದ್ದು" ಎಂದರು. ನನ್ನ ಸುಳ್ಳು ಸುಳ್ಳಾಗದಿರಲೆಂದು, ಯಾವ ತೊಂದರೆಯೂ ಇಲ್ಲದಿದ್ದ ಆ ತೋಳಿನ ಅಂಚನ್ನು ಬಿಚ್ಚಿ ಮಡಚಿ ಸೂಜಿ ಹಾಕಿದರು. ಅವರ ಬೆರಳು ತಣ್ಣಗಿತ್ತು. ಆಮೇಲೆ ಚಹಾ ಬರುವ ಬಾಗಿಲಿಂದ ಹೊರಟುಹೋದರು.

ಎಲ್ಲರೂ ಕೂತ ಮೇಲೆ ತಂದೆ ಹುಡುಕಿಕೊಂಡು ಬಂದರು. "ಟೀಚರ್ ಎಲ್ಲಿ? ಅವರ ಕುರ್ಚಿ ಖಾಲಿ ಉಂಟಲ್ಲ?"

"ಬಸ್ಸಿಗೆ ಹೊತ್ತಾಯ್ತು ಅಂತ ಹೋದ್ರು" ಎಂದೆ. ಅದು ಎರಡನೆಯ ಸುಳ್ಳು. ಆ ಕುರ್ಚಿಯಲ್ಲಿ ಯಾರೋ ಬ್ಯಾಂಕಿನವರು ಕೂತರು.

ಮರುವರ್ಷ ಟೀಚರಿಗೆ ಸುಳ್ಯದ ಕಡೆಗೆ ವರ್ಗವಾಯಿತು. ನನಗೆ ಮಗ ಹುಟ್ಟಿದಾಗ ಸುಳ್ಯದಿಂದ ಒಂದು ಪಾರ್ಸೆಲ್ ಬಂತು. ಮಗುವಿನ ಮೈಗೆ ತಾಗದ ಹಾಗೆ ಎಲ್ಲ ಹೊಲಿಗೆಯನ್ನೂ ಹೊರಮುಖಕ್ಕೆ ಹಾಕಿ, ಅದರ ಮೇಲೆ ಪಟ್ಟಿ ಮುಚ್ಚಿದ ಎರಡು ಅಂಗಿ. ಪತ್ರ ಇರಲಿಲ್ಲ. ಉತ್ತರ ಬರೆಯಬೇಕೆಂದು ಕೂತರೆ ಮೊದಲ ಸಾಲಿನಲ್ಲಿ ಏನು ಬರೆಯುವುದೆಂದು ತೋಚದೆ ಏಳುತ್ತಿದ್ದೆ. ಮಗ ಆ ಅಂಗಿಗಳನ್ನು ಹಾಕಿ ಬೆಳೆದ, ಅವು ಚಿಕ್ಕವಾದವು. ನಾನು ಬರೆಯಲಿಲ್ಲ.

ನಾದಿನಿಯ ಮದುವೆ ಬಂದಾಗ ಅತ್ತೆ, "ನಿನ್ನ ರವಿಕೆ ಹೊಲಿದವರನ್ನೇ ಕರೆಸುವ. ಅವರ ಕೈ ಒಳ್ಳೇದುಂಟು" ಎಂದರು.

"ಅವರು ಊರು ಬಿಟ್ಟಿದ್ದಾರೆ, ಎಲ್ಲಿ ಅಂತ ಗೊತ್ತಿಲ್ಲ" ಎಂದೆ. ಸುಳ್ಯ ಬಸ್ಸಿನಲ್ಲಿ ಅರ್ಧ ದಿನದ ದಾರಿ.

ಅರವತ್ತರ ದಶಕದ ನಡುವಿನಲ್ಲಿ ಒಂದು ಬೆಳಿಗ್ಗೆ ತಂದೆ ಬಂದರು. ಚಹಾ ಕುಡಿದು, ಊರಿನ ಸುದ್ದಿಯ ನಡುವೆ, ಟೀಚರ್ ಕಾಮಾಲೆಯಿಂದ ತೀರಿಹೋದದ್ದನ್ನು ಹೇಳಿದರು. ಕೊನೆಯಲ್ಲಿ ಕಡಬದ ತಮ್ಮನ ಮನೆಯಲ್ಲಿದ್ದರಂತೆ. "ಅಂಗಡಿಗೆ ಬಂದಾಗೆಲ್ಲ ನಿನ್ನನ್ನು ಕೇಳ್ತಿದ್ರು. ಮಗಳು ಸುಖದಲ್ಲಿ ಇದ್ದಾಳಾ ಅಂತ" ಎಂದರು. ತಂದೆಗೆ ಏನೂ ಗೊತ್ತಿರಲಿಲ್ಲ. ಟೀಚರ್ ಹೇಳಿರಲಿಲ್ಲ.

ನಾನು ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ. ಬಿಕ್ಕುವುದು ಕೇಳಿ ಅತ್ತೆ ಒಳಗೆ ಬಂದರು. ಅವತ್ತು ಎಲ್ಲವನ್ನೂ ಹೇಳಿದೆ, ಇಡ್ಲಿಯನ್ನೂ ಬಿಡದೆ. ಅವರು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ನಾನು ಅವತ್ತು ಕೇಕು ಮುಟ್ಟಲಿಲ್ಲ, ನೀನು ನೋಡಿರಲಿಕ್ಕಿಲ್ಲ" ಎಂದರು. "ಆ ಚಮಚ ಹಿಡಿಯುದು ಹೇಗೆ ಅಂತ ನನಗೂ ಗೊತ್ತಿರಲಿಲ್ಲ. ಆ ಕ್ಲಬ್ಬಿನ ಒಳಗೆ ನಾನು ಕಾಲಿಟ್ಟದ್ದೇ ಅವತ್ತು ಮೊದಲು. ಹಸಿವೆಯಲ್ಲೇ ಮನೆಗೆ ಬಂದೆ. ಅವರು ಟೀಚರ್ ಅಂತ ನೀನು ಹೇಳಿದ್ರೆ ನಾನು ಕೈ ಹಿಡಿದು ಕೂರಿಸ್ತಿದ್ದೆ ಮಾರಾಯ್ತಿ."

ಮರುವಾರ ನಾವಿಬ್ಬರೇ ಕಡಬಕ್ಕೆ ಹೋದೆವು. ಹೋಗಬೇಕೆಂದು ಹಟ ಹಿಡಿದವರು ಅತ್ತೆ. ಟೀಚರ ತಮ್ಮ ಜಗಲಿಯಲ್ಲಿ ಚಾಪೆ ಹಾಸಿದರು. ಯಾರೆಂದು ಹೇಳಿದ ಕೂಡಲೇ ಅವರ ಮುಖ ಅರಳಿತು. ಹೆಂಡತಿಯನ್ನು ಕೂಗಿ ಕರೆದರು.

"ಅಕ್ಕ ನಿಮ್ಮ ಆ ಪಾರ್ಟಿಯ ಸುದ್ದಿ ಎಷ್ಟು ಸಲ ಹೇಳಿದ್ದಾಳೆ ಅಂತ ಲೆಕ್ಕ ಇಲ್ಲ. ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ ಆಗಿದೆ" ಎಂದರು. "ಅವಳನ್ನು ಮುಂದಿನ ಮೇಜಲ್ಲಿ ಕೂರಿಸಿದ್ರಂತಲ್ಲ, ವಕೀಲರ ಹೆಂಡತಿಯ ಹತ್ತಿರವೇ?"

ನಿಜ ಹೇಳಲೆಂದೇ ಬಂದವಳು ನಾನು. ತಪ್ಪಾಯಿತು ಎನ್ನಲು ಆ ಮನೆಯಲ್ಲಾದರೂ ಒಂದು ಕಿವಿ ಸಿಕ್ಕೀತು ಎಂದುಕೊಂಡಿದ್ದೆ. ಟೀಚರ್ ಆ ಬಾಗಿಲನ್ನೂ ಮುಚ್ಚಿ ಹೋಗಿದ್ದರು.

ಅತ್ತೆ ಸೆರಗು ಹೊದ್ದು ನೆಟ್ಟಗೆ ಕೂತರು.

"ಹೌದು, ನನ್ನ ಪಕ್ಕದಲ್ಲೇ ಕೂತಿದ್ರು" ಎಂದರು. "ತುಂಬ ಹೊತ್ತು ಮಾತಾಡಿದೆವು."